ಭಂಡಾರ ಕಾಣದ ಕೀಬೋರ್ಡ್

ಸ್ನೇಹಿತರೇ, ನಮ್ಮ ಭಜನಾ ಮಂಡಳಿಯ ಹಳೆಯ ಜಪಾನಿ ಕೀಬೋರ್ಡ್ ಇಂದು ಘಟಪ್ರಭಾದ ರಿಪೇರಿ ಅಂಗಡಿಯಲ್ಲಿ ಸರಿಯಾಗಿ ನುಡಿಯಿತು. ಆದರೆ ಅದು ನಮ್ಮದಲ್ಲ ಎಂದು ಅದನ್ನು ನುಡಿಸುವ ಸಿದ್ದಪ್ಪ ಕಾಕಾ ಅಲ್ಲೇ ಸಾರಿದರು.

ಒತ್ತಿದರೂ ಸುಮ್ಮನಿರುತ್ತಿದ್ದ ಕೀಗಳೆಲ್ಲ ಈಗ ನುಡಿಯುತ್ತಿದ್ದವು. ಕಾಕಾ ಅವರಿಗೆ ಅನುಮಾನ ಬಂದದ್ದೇ ಅದರಿಂದ. ಕೀಗಳ ಸಂದಿಯಲ್ಲಿ ಬೆರಳಾಡಿಸಿ, "ಭಂಡಾರ ಎಲ್ಲೈತಿ?" ಎಂದರು. ಪ್ರತಿ ಅಮಾವಾಸ್ಯೆಯ ಪೂಜೆಯಲ್ಲಿ ನಾವು ಅದರ ಮೇಲೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಎರಚುತ್ತೇವೆ.

"ಕಾಕಾ, ಆ ಭಂಡಾರಾನ ಒಳಗ ಗಟ್ಟಿಯಾಗಿ ಕೀ ಹಿಡಿದಿತ್ತರಿ. ಎಲ್ಲಾ ತಗದೇನಿ," ಎಂದು ರಿಪೇರಿಯ ಮಹಾಂತೇಶ ಕಾಗದದ ಪೊಟ್ಟಣವೊಂದನ್ನು ಮುಂದಿಟ್ಟ. "ದೇವರದು ಅಂತ ಚೆಲ್ಲಿಲ್ಲ, ನೋಡ್ರಿ."

"ಭಂಡಾರ ನಮ್ದ ಐತಿ. ಪೆಟ್ಟಿಗಿ ಯಾರದು? ಒಳಗಿನ ಜಪಾನಿ ಮಾಲ್ ಕಿತ್ತು ಬ್ಯಾರೇದು ಕುಂಡ್ರಿಸಿಲ್ಲಂತ ಏನ್ ಗ್ಯಾರಂಟಿ?"

"ಕೆಟ್ಟಾಗ ನಿಮ್ದು, ಚಲೋ ಆದ ಮ್ಯಾಲೆ ಮಂದೀದೇನ್ರಿ?"

ಅಷ್ಟು ಸ್ವಚ್ಛ ಸ್ವರ ಕೇಳಿ ನನಗೂ ಸಂಶಯ ಬಂದದ್ದು ಖರೆ. ಕೀಬೋರ್ಡ್ ಅಂಗಡಿಯಲ್ಲೇ ಉಳಿದಿದೆ. ಪೊಟ್ಟಣ ಕಾಕಾ ಅವರ ಕಿಸೆಯಲ್ಲಿದೆ.

ನಾಳೆ ಬೆಳಿಗ್ಗೆ ಮಂಡಳಿಯವರ ಎದುರಿಗೆ ಕೀಬೋರ್ಡ್ ಬಿಚ್ಚಿ ಒಳಗಿನ ಮಾಲ್ ನೋಡಲಾಗುತ್ತದೆ. ನಮ್ಮದೇ ಎಂದು ಖಾತ್ರಿಯಾದರೆ, ಅಲ್ಲೇ ಪೂಜೆ ಮಾಡಿ ಭಂಡಾರ ಎರಚಲಾಗುತ್ತದೆ.