ಟಿನುಕೆ ಅಲ್ಲಾಡದೆ ಕೂತ ಮಧ್ಯಾಹ್ನ

ಟಿನುಕೆಯ ಕಾಲಿಗೆ ಬ್ರೇಕೇ ಇಲ್ಲ. ಇಬಾದಾನ್ ನಗರದ ನಮ್ಮ ಪ್ರಯೋಗಾಲಯದಲ್ಲಿ ಹಣ್ಣುನೊಣ ಸಾಕಿಕೊಂಡು ಪಿಎಚ್.ಡಿ. ಮಾಡುವ ಹುಡುಗಿ, ಒಂದು ದಿನ ನೆಟ್ಟಗೆ ಕೂತದ್ದು ಕಂಡವರಿಲ್ಲ. ಅಕಾರಾ ವಡೆ ತಿನ್ನುವುದೂ ಓಡಾಡುತ್ತಲೇ, ಫೋನಿನಲ್ಲಿ ಅಮ್ಮನ ಜೊತೆ ಜಗಳವೂ ಓಡಾಡುತ್ತಲೇ. ಪಕ್ಕದ ಮೇಜಿನವಳು ನಾನು, ನನಗೆ ತಲೆ ಗಿರ್ರೆನ್ನುತ್ತದೆ.

ಆ ವಾರವಂತೂ ಕೇಳಲೇಬೇಡಿ. ನೊಣದ ಭ್ರೂಣ ಇನ್ನೂ ಎಳೆಯದಾಗಿರುವಾಗಲೇ ಅದರ ಹೊಟ್ಟೆಯ ಕಡೆಯ ಜೀವಕೋಶಗಳು ಬಿಗಿದುಕೊಂಡು, ಸಾಲಿಗೆ ಸಾಲೇ ಒಳಗಿಳಿಯುತ್ತವೆ. ಒಂದು ಕೋಶ ಬಿಟ್ಟ ರಾಸಾಯನಿಕ ಪಕ್ಕದ್ದಕ್ಕೆ ತಾಗಿ, ‘ನೀನೂ ಬಿಗಿ’ ಎಂದು ಹೇಳುತ್ತದೆ. ಆ ಸಂದೇಶವೇ ಇಲ್ಲದ ತಳಿಯೊಂದನ್ನು ಟಿನುಕೆ ಸಾಕಿದ್ದಳು. ಅದರಲ್ಲಿ ಕೋಶಗಳು ಒಟ್ಟಿಗೆ ಬಿಗಿಯದೆ, ಅಲ್ಲೊಂದು ಇಲ್ಲೊಂದು ಬಿಗಿಯುತ್ತವೆ ಎನ್ನುವುದು ಅವಳ ವಾದ. ಚಿತ್ರ ತೆಗೆದು ತೋರಿಸದಿದ್ದರೆ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು. ಆ ಮಧ್ಯಾಹ್ನವೇ ಕೊನೆಯ ಅವಕಾಶ, ಸೂಕ್ಷ್ಮದರ್ಶಕದ ಎರವಲು ಕ್ಯಾಮೆರಾ ಮಾರನೇ ದಿನ ಲಾಗೋಸಿಗೆ ವಾಪಸು. ಆ ತಳಿಯದ್ದು ತೆಗೆದ ಚಿತ್ರವೆಲ್ಲ ನಡುಗಿ ಮಸುಕಾಗಿತ್ತು.

"ಆ ಜನರೇಟರ್ ನೆಲ ನಡುಗಿಸ್ತಿದೆ, ಹಾಳಾಗ್ಹೋಗ್ಲಿ!" ಎಂದು ಶಪಿಸುತ್ತಾ ಮತ್ತೆ ಶತಪಥ ಶುರು ಮಾಡಿದಳು.

"ಅವತ್ತು ಸಾಮಾನ್ಯ ನೊಣದ್ದು ಚೆನ್ನಾಗಿ ಬಂದಿತ್ತಲ್ಲ, ಆಗ ಜನರೇಟರ್ ಇರ್ಲಿಲ್ವಾ?" ಅಂದೆ.

"ಇತ್ತು. ಅದಕ್ಕೇನೀಗ?"

"ಆಗ ನಿನ್ನ ಕಾಲು ಉಳುಕಿತ್ತು ಕಣೇ. ನೀನು ಕೂತೇ ಇದ್ದೆ. ಈ ಹಳೇ ಹಲಗೆ ನೆಲ ನಡುಗಿಸ್ತಿರೋದು ನೀನೇ!"

ಅವಳು ನಿಂತಲ್ಲೇ ತನ್ನ ಕಾಲು ನೋಡಿಕೊಂಡಳು. ಹೊರಗೆ ಕಳಿಸಿದರೆ ವರಾಂಡದಲ್ಲಿ ಓಡಾಡುತ್ತಾಳೆ, ಅದೂ ಅದೇ ಹಲಗೆ. ಕಟ್ಟಿಹಾಕೋಣವೆಂದರೆ ಹಗ್ಗವಿಲ್ಲ. ನನ್ನ ಚೀಲದಲ್ಲಿ ಬಾಚಣಿಗೆ ಇತ್ತು.

"ಬಾ ಇಲ್ಲಿ. ಜಡೆ ಹೆಣೀತೀನಿ."

"ಈಗಲಾ, ಅಬೆನಿ ಅಕ್ಕ? ತಲೆ ಕೆಟ್ಟಿದೆಯಾ?"

"ತಲೆ ಕೊಡು, ಮಾತು ಬೇಡ."

ಹೊಸ ಭ್ರೂಣವನ್ನಿಟ್ಟು ಕ್ಯಾಮೆರಾ ಚಾಲೂ ಮಾಡಿ, ಗಿಡ್ಡ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಕುರ್ಚಿಯಲ್ಲಿ ಕೂತು ಅವಳ ತಲೆಯನ್ನು ನನ್ನ ಮೊಣಕಾಲುಗಳ ನಡುವೆ ಅದುಮಿ ಹಿಡಿದೆ. ಮುಖ ನನ್ನ ತೊಡೆಗೆ ಒತ್ತಿತ್ತು. ಪರದೆ ಕಾಣುತ್ತಿದ್ದದ್ದು ನನಗೊಬ್ಬಳಿಗೇ.

"ಏನಾಗ್ತಿದೆ?"

"ಏನೂ ಇಲ್ಲ."

"ಈಗ?"

"ಬಾಯ್ಮುಚ್ಕೊಂಡು ಕೂತ್ಕೋ."

ಫೋನು ಹೊಡೆದುಕೊಂಡಿತು. ಅವಳಮ್ಮ. ಎದ್ದೇಳಲು ಹೊರಟವಳ ಕೂದಲು ಜಗ್ಗಿದೆ. "ಅಯ್ಯೋ ರಾಕ್ಷಸೀ!" ಎಂದು ಕಿರುಚಿದಳು, ಆದರೆ ಕೂತಳು. ಪರದೆಯ ಮೇಲೆ ಒಂದು ಕೋಶ ಬಿಗಿಯಿತು. ಪಕ್ಕದ್ದು ಸುಮ್ಮನಿತ್ತು. ನನ್ನ ಕೈ ನಿಂತುಹೋಯಿತು.

"ಯಾಕೆ ನಿಲ್ಸಿದೆ? ಹೇಳಕ್ಕಾ! ಒಟ್ಟಿಗೇನಾ?"

ಇನ್ನೊಂದು ಬಿಗಿಯಿತು, ಎಲ್ಲೋ ದೂರದಲ್ಲಿ. ಆಮೇಲೆ ಮೂಲೆಯಲ್ಲಿ ಮತ್ತೊಂದು. ಕರೆ ಕೇಳಿಸದವರ ಹಾಗೆ ನಡುವಿನವು ತಮ್ಮ ಪಾಡಿಗೆ ಇದ್ದವು. ಕೋಶಗಳ ಅಂಚು ಗೆರೆ ಎಳೆದಷ್ಟು ಸ್ಪಷ್ಟ.

"ಇಲ್ಲ ಕಣೇ," ಅಂದೆ. "ಅಲ್ಲೊಂದು, ಇಲ್ಲೊಂದು."

ಚಿತ್ರ ಮುಗಿದು ಕಂಪ್ಯೂಟರಿಗೆ ಸೇರಿದ ಮೇಲೆ ಮಂಡಿ ಸಡಿಲಿಸಿದೆ. ನನಗೇ ಕುಣಿಯುವಷ್ಟು ಖುಷಿ.

"ಆಯ್ತು, ಏಳೇ! ಹೋಗಿ ನೋಡು!"

ಏಳಲಿಲ್ಲ. ಅವಳ ಮುಖ ಒತ್ತಿದ್ದಲ್ಲಿ ನನ್ನ ಬಟ್ಟೆ ಒದ್ದೆಯಾಗುತ್ತಿತ್ತು.

"ಇನ್ನೊಂದು ಪಕ್ಕನೂ ಹೆಣೆದುಬಿಡಕ್ಕಾ," ಅಂದಳು. ಬಗ್ಗಿ ಅವಳ ಕಾಲು ನೋಡಿದೆ. ಎರಡೂ ನೆಲಕ್ಕೆ ಊರಿದ್ದವು.