ಸ್ವಿಚ್ಚಿನ ತಪ್ಪಲ್ಲ, ಕಾಕಾ

ಶಂಕ್ರಪ್ಪ ಕಾಕಾ, ನಿಮ್ಮ ಕಂಪ್ಯೂಟರ್ ಕೆಡಿಸಿದವನು ನಾನು. ನೀವಲ್ಲ. ನೀವು ಮೇನ್ ಸ್ವಿಚ್ ಬಂದ್ ಮಾಡುವ ಮುಂಚೆಯೇ ಅದರ ಕಥೆ ಮುಗಿದಿತ್ತು — ನಾನು ಕಣ್ಣಾರೆ ನೋಡಿದ್ದೆ. ನಾಲ್ಕು ವರ್ಷ ಈ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ನಿಮ್ಮ ಮನೆಯ ಚಹಾ ಕುಡಿದಿದ್ದೇನೆ.

ಅಂದು ಅಮಾವಾಸ್ಯೆ. ನರೇಗಲ್ಲಿನ ನಿಮ್ಮ ಲಗ್ನಪತ್ರಿಕೆಯ ಪ್ರೆಸ್ಸಿನ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಲು ಗಜೇಂದ್ರಗಡದಿಂದ ಬಂದಿದ್ದೆ. ವಧೂವರರ ಫೋಟೋ ತೆರೆಯಲು ಹಳೆಯದು ಒದ್ದಾಡುತ್ತಿತ್ತು. “ಇದು ಫೋಟೋ ತೋರಸೂದ್ರಾಗ ಅವರಿಗೆ ಮಕ್ಕಳಾಗತಾವ” ಎಂದು ನೀವೇ ನಗುತ್ತಿದ್ದಿರಿ.

ಹೊಸದನ್ನು ಕೂರಿಸುವ ಮೊದಲು, ಹಳೆಯ ಪ್ರೊಸೆಸರ್ ಇರುವಾಗಲೇ, ಮದರ್‌ಬೋರ್ಡಿನ ಬಯೋಸ್ — ಕಂಪ್ಯೂಟರನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಂ — ಅಪ್‌ಡೇಟ್ ಮಾಡಬೇಕು. ಇಲ್ಲದಿದ್ದರೆ ಬೋರ್ಡಿಗೆ ಹೊಸಬನ ಗುರುತೇ ಹತ್ತುವುದಿಲ್ಲ. ನಡುವೆ ಕರೆಂಟ್ ಹೋಗಬಾರದು — ಇದನ್ನು ನಾನೇ ನಿಮಗೆ ಹೇಳಿದ್ದೆ. ಅಮಾವಾಸ್ಯೆಯ ಪೂಜೆಯಲ್ಲಿ ಆರತಿಯ ಹೊತ್ತಿಗೆ ಎಲ್ಲ ಮಶೀನೂ ಬಂದ್ ಇರಬೇಕೆಂಬ ನಿಮ್ಮ ಪದ್ಧತಿಯೂ ನನಗೆ ಗೊತ್ತಿತ್ತು. ಪೂಜೆ ಮುಗಿಯುವವರೆಗೆ ಕಾಯಬಹುದಿತ್ತು. ಆದರೆ ರೋಣದಲ್ಲಿ ಇನ್ನೊಂದು ಕೆಲಸ ಕಾದಿತ್ತು. ನಾನೋ — ಎಲ್ಲ ಬಲ್ಲವನು!

ನಿಮ್ಮ ಬೋರ್ಡಿನ ಹೆಸರಿನಲ್ಲೇ ಎರಡು ನಮೂನೆ ಬಂದಿದ್ದವು. ಯಾವುದೆಂದು ಅದರ ಅಂಚಿನಲ್ಲಿ ಸಣ್ಣದಾಗಿ ಬರೆದಿರುತ್ತದೆ. ಕಂಪ್ಯೂಟರಿನ ಡಬ್ಬಿ ಬಿಚ್ಚಿ ನೋಡಲಿಲ್ಲ. ಪೆನ್‌ಡ್ರೈವಿನಲ್ಲಿದ್ದ ಫೈಲನ್ನೇ ಹಾಕಿದೆ. ಈ ಫೈಲ್ ಈ ಬೋರ್ಡಿನದಲ್ಲ, ಮುಂದುವರಿಸಲೇ ಎಂದು ಪರದೆ ಕೇಳಿತು ಕೂಡ. ಕಣ್ಣಿಗೆ ಬಿದ್ದದ್ದು ತಲೆಗೆ ಇಳಿಯುವ ಮೊದಲೇ ಹೌದು ಎಂದು ಒತ್ತಿದೆ. ಪ್ರತಿ ಹೆಸರನ್ನೂ ಮೂರು ಸಲ ಓದಿ ಅಚ್ಚಿಗೆ ಕೊಡುವ ನಿಮ್ಮ ಅಂಗಡಿಯಲ್ಲೇ ಕೂತು, ಒಂದು ಸಾಲು ನೆಟ್ಟಗೆ ಓದಲಿಲ್ಲ.

ಅಪ್‌ಡೇಟ್ ಮುಗಿಯಿತು. ಕಂಪ್ಯೂಟರ್ ಮತ್ತೆ ತಾನಾಗಿ ಚಾಲೂ ಆಗಬೇಕಿತ್ತು. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ತಪ್ಪು ಫೈಲ್ ಹಾಕಿ ಬೋರ್ಡನ್ನೇ ಕೊಂದೆನೆಂದು ಆಗ ತಿಳಿಯಿತು. ಆಗಲೇ ನೀವು ಊದಿನಕಡ್ಡಿ ಹಿಡಿದು ಬಂದು, ರೂಢಿಯಂತೆ ಮೇನ್ ಸ್ವಿಚ್ ಇಳಿಸಿದಿರಿ. ಮರುಗಳಿಗೆ ನನ್ನ ಮಾತು ನೆನಪಾಗಿ ನಿಮ್ಮ ಮುಖ ಬಿಳುಚಿತು.

“ರಫೀಕಾ, ನಾ ಬಂದ್ ಮಾಡಿದ್ದಕ್ಕ ಹೋತೇನಪಾ?”

ನಾನು ಅಂದೆ — “ಹೌದ್ರಿ ಕಾಕಾ. ನಡುವ ಕರೆಂಟ್ ಹೋದ್ರ ಹಿಂಗ ಆಗತೈತಿ.”

ಆ ದಿನವೂ ಪ್ರಸಾದದ ಕೊಬ್ಬರಿಯಲ್ಲಿ ದೊಡ್ಡ ಚೂರು ನನಗೇ ಕೊಟ್ಟಿರಿ. ತಿಂದೆ. ನಾನು ಹೊಸ ಬೋರ್ಡ್ ತಂದು ಹಾಕಿದ ಮೇಲೆ ಸಂತೆಯ ತುಂಬ ನನ್ನನ್ನು ಹೊಗಳಿಕೊಂಡು ತಿರುಗಿದಿರಿ. ಅದನ್ನೂ ಕೇಳಿಸಿಕೊಂಡೆ...

ಆದರೆ ನೀವು ಕಂಪ್ಯೂಟರಿನ ಮುಂದಿನ ಕುರ್ಚಿಯನ್ನೇ ಬಿಟ್ಟುಬಿಡುತ್ತೀರೆಂದು ನನಗೆ ಹೊಳೆದಿರಲಿಲ್ಲ. ಸೀಸದ ಅಚ್ಚುಮೊಳೆ ಜೋಡಿಸುತ್ತ ಕೈ ಕಪ್ಪು ಮಾಡಿಕೊಂಡವರು ನೀವು, ಅರವತ್ತರ ಹತ್ತಿರ ಹಟ ಹಿಡಿದು ಕಂಪ್ಯೂಟರ್ ಕಲಿತವರು. ಎರಡೇ ಬೆರಳಲ್ಲಿ ಕುಟ್ಟಿದರೂ ಒಂದು ಒತ್ತಕ್ಷರ ತಪ್ಪುತ್ತಿರಲಿಲ್ಲ. ನಿಮ್ಮನ್ನು ನೋಡುವುದೇ ನನಗೊಂದು ಖುಷಿಯಾಗಿತ್ತು. ಈಗ ಸೊಸೆ ಸುನಂದಾ ಟೈಪ್ ಮಾಡುತ್ತಾಳೆ, ನೀವು ಪಕ್ಕದಲ್ಲಿ ಕೈಕಟ್ಟಿ ಕೂರುತ್ತೀರಿ. ಅಮಾವಾಸ್ಯೆ ಬಂದರೆ ಸ್ವಿಚ್ಚಿನ ಹತ್ತಿರವೂ ಸುಳಿಯುವುದಿಲ್ಲ. “ನೀನ ಬಂದ್ ಮಾಡವಾ, ನನ್ನ ಕೈ ಚಲೋ ಇಲ್ಲ” ಎಂದು ನೀವು ಆಕೆಗೆ ಹೇಳಿದ್ದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಹೋದ ವಾರ ನನ್ನ ಮಗಳ ಮದುವೆಯ ಕಾರ್ಡಿಗೆಂದು ಬಂದಿದ್ದೆನಲ್ಲ — ನೀವು ಕರಡನ್ನು ನನ್ನ ಕೈಗಿಟ್ಟು, ನನ್ನ ಅಪ್ಪನ ಹೆಸರಿನ ಮೇಲೆ ಬೆರಳಿಟ್ಟು ಓದಿಸಿದಿರಿ.

“ಸಾವಕಾಶ ನೋಡು. ತಪ್ಪಿದ್ರ ಈಗ ಹೇಳಬೇಕು.”

“ಎಲ್ಲಾ ಬರೋಬ್ಬರಿ ಐತ್ರಿ” ಎಂದು ಎದ್ದು ಬಂದೆ. ಗಜೇಂದ್ರಗಡದ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತುಬಿಟ್ಟೆ, ಕಾಕಾ.

ಬರುವ ಅಮಾವಾಸ್ಯೆಗೆ ಬರುತ್ತೇನೆ. ಇದನ್ನೆಲ್ಲ ಸುನಂದಾಳ ಎದುರಿಗೇ ಹೇಳುತ್ತೇನೆ. ನೀವು ಬೈಯಿರಿ. ಕೊಬ್ಬರಿ ಕೊಡದಿದ್ದರೂ ಸರಿ, ಕಾರ್ಡನ್ನು ಬೇರೆ ಕಡೆ ಮಾಡಿಸಿಕೋ ಎಂದರೂ ಸರಿ. ಆದರೆ ಅಂದು ಆರತಿಗೆ ಮುಂಚೆ, ಆ ಮೇನ್ ಸ್ವಿಚ್ ನಿಮ್ಮ ಕೈಯಿಂದಲೇ ಇಳಿಯಬೇಕು.