ಎಡಗೈ ಹೊಸೆದ ಎಳೆಗಳು

ಹಿರಿಯರು ಮೈಮೇಲೆ ಬಂದರು, ಸತ್ತವರು ಕನಸಿನಲ್ಲಿ ಮಾತಾಡಿದರು ಎಂದು ಯಾವ ಹುಡುಗನಾದರೂ ಹೇಳಿದರೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮಾಸ್ತರ ನಾನು. ಗಣಿತ ಕಲಿಸುವವನಿಗೆ ಬೇರೆ ಏನು ಶೋಭಿಸುತ್ತದೆ ಹೇಳಿ? ಆದರೆ ಸಾವಿರದ ಒಂಬೈನೂರ ಇಪ್ಪತ್ತರ ದಶಕದಲ್ಲಿ, ಹಾಡಹಗಲಿನಲ್ಲಿ, ಪಾರಿಶ್ವಾಡದ ಒಂದು ಪಡಸಾಲೆಯಲ್ಲಿ ನನ್ನ ಕೈ ಮಾಡಿದ ಕೆಲಸ ನನಗೆ ಇನ್ನೂ ಬಗೆಹರಿದಿಲ್ಲ. ನಗುವವರು ನಕ್ಕುಬಿಡಿ, ನನಗೇನೂ ಬೇಸರವಿಲ್ಲ.

ಆಗ ನನಗೆ ಇಪ್ಪತ್ತನಾಲ್ಕು. ನಮ್ಮದು ಬೆಳಗಾವಿಯ ಶಹಾಪುರ, ನೇಕಾರರ ಓಣಿ. ಅಕ್ಕಪಕ್ಕದಲ್ಲೆಲ್ಲ ಮಗ್ಗದ ಸಪ್ಪಳ, ನಮ್ಮ ಮನೆಯಲ್ಲಿ ಮಾತ್ರ ಮಗ್ಗವಿರಲಿಲ್ಲ. ನೇಯುತ್ತಿದ್ದ ಅಜ್ಜ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅಪ್ಪ ಅಂಚೆ ಕಚೇರಿ ಸೇರಿದ, ನಾನು ಶಾಲೆ ಸೇರಿದೆ. ಮಗ್ಗದ ಕುಣಿಯಲ್ಲಿ ಒಂದು ದಿನವೂ ಕಾಲು ಇಳಿಬಿಟ್ಟವನಲ್ಲ.

ತಂಗಿ ನೀಲವ್ವನಿಗೆ ಅದೇ ಓಣಿಯಲ್ಲಿ ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಹುಡುಗನ ತಂದೆ ಹೆಸರಾಂತ ನೇಕಾರರು. ಮಾತುಕತೆ ಮುಗಿಯುವ ಹೊತ್ತಿಗೆ ಯಾರೋ ಅವರ ಕಿವಿಗೆ ಹಳೆಯ ಸುದ್ದಿ ಹಾಕಿದರು. ನಮ್ಮ ಮುತ್ತಜ್ಜ ಶಿವಲಿಂಗಪ್ಪ ಪಾರಿಶ್ವಾಡದವನು. ಖಾನಾಪುರದ ಕಾಡಿನಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದವರನ್ನು ಅವನೇ ಹಿಡಿದುಕೊಟ್ಟನಂತೆ, ಆಮೇಲೆ ಊರಿಗೆ ಮುಖ ತೋರಿಸಲಾಗದೆ ಶಹಾಪುರಕ್ಕೆ ಓಡಿಬಂದನಂತೆ. "ಫಿತೂರಿ ಮಾಡಿದವರ ಮನಿ ಹೆಣ್ಣು ನಮಗ ಬ್ಯಾಡ್ರಿ," ಅಂದರು ಅವರು. ಅಪ್ಪ ತಲೆ ತಗ್ಗಿಸಿ ಕುಳಿತ. ನೀಲವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಖರೇ ಏನೆಂದು ನೋಡಿಯೇ ಬಿಡುತ್ತೇನೆ ಎಂದು ಮರುದಿನವೇ ರೈಲು ಹತ್ತಿದೆ.

ಖಾನಾಪುರದ ತಾಲೂಕು ಕಚೇರಿಯಲ್ಲಿ ಹಳೆಯ ಕಾಗದ ಕೇಳಿದರೆ ಕಾರಕೂನ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಷ್ಟು ಹಳೇದು ಇಲ್ಲೆಲ್ಲಿ ಇರ್ತೈತ್ರಿ ಮಾಸ್ತರ? ಊರಾಗ ವಯಸ್ಸಾದವರನ್ನ ಕೇಳ್ರಿ," ಅಂದ. ಎತ್ತಿನ ಚಕ್ಕಡಿ ಹಿಡಿದು ಪಾರಿಶ್ವಾಡ ಮುಟ್ಟುವಾಗ ಮಧ್ಯಾಹ್ನವಾಗಿತ್ತು.

ಮುತ್ತಜ್ಜನ ಮನೆಯಲ್ಲಿ ಈಗ ಅವನ ತಮ್ಮನ ಮಗಳು ಗಂಗವ್ವ ಆಯಿ ತವರಿಗೆ ಮರಳಿ ತನ್ನ ಮಗಳು ಅಳಿಯನ ಜೊತೆ ಇದ್ದಳು. ಎಂಬತ್ತರ ಹತ್ತಿರದ ಮುದುಕಿ. ನಾನು ಯಾರೆಂದು ಹೇಳಿದರೂ ನಂಬಲಿಲ್ಲ. "ಹೊಲದಾಗ ಪಾಲು ಕೇಳಾಕ ಬಂದಿಯೇನಪಾ?" ಅಂದಳು. ಆಮೇಲೆ ಏನನ್ನಿಸಿತೋ, ಅಟ್ಟದಿಂದ ಒಂದು ಗಂಟು ಇಳಿಸಲು ಅಳಿಯನಿಗೆ ಹೇಳಿದಳು.

ಗಂಟಿನಲ್ಲಿದ್ದದ್ದು ಮಗ್ಗದ ಹಣಿಗೆ, ಅದರ ಹಲ್ಲುಗಳ ನಡುವೆ ಹಾದ ನೂಲು. ಒಂದು ಹಾಸು, ಅಂದರೆ ಮಗ್ಗದ ಉದ್ದಕ್ಕೆ ಹೂಡಿದ ನೂಲು, ನೇಯ್ದು ಮುಗಿದಾಗ ನೇಕಾರ ಎಳೆಗಳನ್ನು ಪೂರ್ತಿ ಕಿತ್ತುಹಾಕುವುದಿಲ್ಲ. ಹಣಿಗೆಯಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದಾಗಿ ಹೊಸೆದು ಕೂಡಿಸುತ್ತಾನೆ. ಇದು ಮುತ್ತಜ್ಜ ಪೂರ್ತಿ ಮಾಡದೆ ಬಿಟ್ಟುಹೋದದ್ದು. ಒಂದು ಅಂಚಿನಲ್ಲಿ ಹತ್ತಿಪ್ಪತ್ತು ಎಳೆ ಹಾಗೇ ಬಿಡಿಯಾಗಿ ಉಳಿದಿದ್ದವು. ಒಂದು ಮನೆಯ ಕೈ ಹಿಡಿದದ್ದನ್ನು ಬೇರೆ ಮನೆಯ ಕೈ ಮುಗಿಸಬಾರದು ಎಂಬುದು ನೇಕಾರರ ಕಟ್ಟಳೆ. "ನಾ ಬ್ಯಾರೆ ಮನಿಗೆ ಕೊಟ್ಟ ಮಗಳು, ನನ್ನ ಕೈ ನಡೆಯೂದಿಲ್ಲ. ನೀ ಈ ಮನಿಯಾಂವ ಆಗಿದ್ರ ಹೊಸೆದು ತೋರಸು," ಎಂದು ಆಯಿ ಬೂದಿಯ ಬಟ್ಟಲು ಸರಿಸಿದಳು.

ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ನನ್ನಿಂದ ಆಗುವುದಿಲ್ಲ ಎಂದು ತೋರಿಸಲೆಂದೇ ಬೂದಿ ಮುಟ್ಟಿದೆ. ಮುಂದಿನದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮೊದಲ ಎಳೆ ಕೂಡಿತು. ಎರಡನೆಯದೂ ಕೂಡಿತು. ಸ್ವಲ್ಪ ಹೊತ್ತಿಗೆ ನಾನು ಕೈಯನ್ನು ನೋಡುತ್ತಲೇ ಇರಲಿಲ್ಲ, ಅಂಗಳದಲ್ಲಿ ಕಟ್ಟಿದ್ದ ಎಮ್ಮೆಯನ್ನು ನೋಡುತ್ತಿದ್ದೆ. ಬೆರಳು ತಾನೇ ಎಳೆ ಹುಡುಕುತ್ತಿತ್ತು, ಹೊಸೆಯುತ್ತಿತ್ತು, ಮುಂದಿನದಕ್ಕೆ ಹೋಗುತ್ತಿತ್ತು. ಹೆದರಿಕೆಯೇನೂ ಆಗಲಿಲ್ಲ. ಎಲ್ಲ ಮುಗಿದು ತಿರುಗಿ ನೋಡಿದರೆ ಆಯಿ ಅಳುತ್ತಿದ್ದಳು.

"ಯಾವ ಕೈಲೆ ಹೊಸೆದಿ, ನೋಡ್ಕೋ," ಅಂದಳು.

ಬೂದಿ ಹತ್ತಿದ್ದು ಎಡಗೈ ಹೆಬ್ಬೆರಳಿಗೆ. ನಾನು ಊಟ, ಬರಹ, ಹುಡುಗರ ಕಿವಿ ಹಿಂಡುವುದು ಎಲ್ಲ ಬಲಗೈಯಲ್ಲೇ ಮಾಡುವವನು.

ಆಗ ಆಯಿ ಬಾಯಿ ಬಿಟ್ಟಳು. ಅವಳಿಗೆ ಎಂಟೊಂಬತ್ತು ವರ್ಷವಿದ್ದಾಗ ಸರಕಾರದ ಸಿಪಾಯಿಗಳು ಬಂದು, ಇದೇ ಎಳೆ ಹೊಸೆಯುತ್ತ ಕುಳಿತಿದ್ದ ದೊಡ್ಡಪ್ಪನನ್ನು ಎಬ್ಬಿಸಿಕೊಂಡು ಹೋದರು. ಕಾಡಿನಲ್ಲಿದ್ದವರಿಗೆ ರೊಟ್ಟಿ, ಕಂಬಳಿ ಒಯ್ದು ಕೊಡುತ್ತಿದ್ದವನು ಅವನು. ತಿಂಗಳ ಮೇಲೆ ತಿರುಗಿ ಬಂದಾಗ ಬಲಗೈ ಬೆರಳುಗಳೆಲ್ಲ ಮುರಿದಿದ್ದವು. ಯಾರೊಡನೆಯೂ ಮಾತಾಡದೆ, ಉಳಿದ ಎಳೆಗಳನ್ನು ಎಡಗೈಯಿಂದ ಹೊಸೆಯಲು ಕುಳಿತ. ಅದೇ ವೇಳೆಗೆ ಕಾಡಿನವರು ಸಿಕ್ಕಿಬಿದ್ದರು. ಊರು ಇವನ ಕಡೆಗೆ ಬೆರಳು ಮಾಡಿತು. ಮೂರನೆಯ ದಿನ ಹತ್ತಿಪ್ಪತ್ತು ಎಳೆ ಉಳಿದಿರುವಾಗಲೇ ಎದ್ದು, ಹೆಂಡತಿ ಮಗನನ್ನು ಕರೆದುಕೊಂಡು ಹೋದವನು ಮತ್ತೆ ಬರಲಿಲ್ಲ.

"ಹೆಸರು ಹೇಳಿದ್ರ ಕೈ ಯಾಕ ಮುರೀತಿದ್ರು ತಮ್ಮಾ? ನಾ ಹೇಳಿದೆ, ಸಣ್ಣ ಹುಡುಗಿ ಮಾತು ಯಾರ ಕೇಳ್ಯಾರು?"

ಹಣಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಅರ್ಧದವರೆಗೆ ಹುರಿ ಒಂದು ಕಡೆಗೆ ತಿರುಗಿತ್ತು, ಅಲ್ಲಿಂದ ಮುಂದೆ ವಿರುದ್ಧ ದಿಕ್ಕಿಗೆ. ನನ್ನ ಎದೆ ಉಬ್ಬಿತು, ಕಣ್ಣೂ ತುಂಬಿಬಂತು. ಇಂಥವನ ಮರಿಮಗ ನಾನು ಎಂದು ದಾರಿಯುದ್ದಕ್ಕೂ ಆಯಿ ಕೊಟ್ಟ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಹುಡುಗನ ತಂದೆಯ ಮುಂದೆ ಹಣಿಗೆ ಇಟ್ಟು ನಡೆದದ್ದೆಲ್ಲ ಹೇಳಿದೆ. ಅವರು ತಮ್ಮ ಮಗ್ಗದ ಎರಡು ಎಳೆ ನನ್ನ ಕೈಗೆ ಕೊಟ್ಟರು. "ನನ್ನ ಮುಂದ ಒಂದು ಹೊಸೀರಿ," ಅಂದರು. ಬೂದಿ ಹಚ್ಚಿಕೊಂಡೆ. ಎಡಗೈ ಕೊರಡಿನ ಹಾಗೆ ಬಿದ್ದಿತ್ತು. ಬಲಗೈಯೂ ಅಷ್ಟೇ. ಎಳೆ ಹರಿದುಹೋಯಿತು. ನೀಲವ್ವನ ಮದುವೆಯನ್ನು ನಾನೇ ಕೆಡಿಸಿದೆ ಎಂದುಕೊಂಡೆ.

ಅವರು ಹಣಿಗೆ ಎತ್ತಿಕೊಂಡು ಈ ತುದಿಯಿಂದ ಎಳೆಗಳ ಮೇಲೆ ಬೆರಳಾಡಿಸುತ್ತ ಹೋದರು. ಅರ್ಧಕ್ಕೆ ಬಂದು, ಹುರಿಯ ದಿಕ್ಕು ಬದಲಾದಲ್ಲಿ ಬೆರಳು ನಿಂತಿತು. ಬಹಳ ಹೊತ್ತು ಅಲ್ಲೇ ಇಟ್ಟುಕೊಂಡಿದ್ದರು. ಆಮೇಲೆ ಮೆಲ್ಲಗೆ ಕೊನೆಯವರೆಗೂ ಹೋಗಿ, ಹಣಿಗೆಯನ್ನು ಕಣ್ಣಿಗೆ ಒತ್ತಿಕೊಂಡರು.

"ಈ ಮನಿ ಹೆಣ್ಣು ನಮಗ ಕೊಡ್ರಿ," ಅಂದರು.

ಪಕ್ಕದ ಎಳೆ ನೋಡಿ ನೀನು ಹಾಗೇ ಮಾಡಿರಬೇಕು ಎಂದು ಗೆಳೆಯರು ಅನ್ನುತ್ತಾರೆ. ಇರಬಹುದು. ಹಾಗಾದರೆ ಆಮೇಲೆ ಯಾಕೆ ಬರಲಿಲ್ಲ? ಬಾಗಿಲು ಹಾಕಿಕೊಂಡು ಎಷ್ಟು ಸಲ ಪ್ರಯತ್ನ ಮಾಡಿದ್ದೇನೋ, ಒಂದು ಎಳೆಯೂ ಕೂಡಿಲ್ಲ.

ಹಣಿಗೆ ಈಗ ನನ್ನ ಹತ್ತಿರವಿದೆ. ನೀಲವ್ವನ ಮೊಮ್ಮಕ್ಕಳು ಬಂದಾಗ ತೋರಿಸುತ್ತೇನೆ: ಇಲ್ಲಿಯವರೆಗೆ ನಿಮ್ಮ ಹಿರಿಯನ ಬಲಗೈ, ಇಲ್ಲಿಂದ ಎಡಗೈ. "ನಿಂದು ಯಾವುದು ಅಜ್ಜಾ?" ಎಂದು ಕೇಳುತ್ತಾರೆ. ಕನ್ನಡಕ ಏರಿಸಿಕೊಂಡು ಹುಡುಕುತ್ತೇನೆ. ಅವನು ಎಲ್ಲಿ ಬಿಟ್ಟ, ನಾನು ಎಲ್ಲಿ ಹಿಡಿದೆ, ನನಗೆ ಗೊತ್ತೇ ಆಗುವುದಿಲ್ಲ.